ನಲ್ಲಿಯಿಂದ ಶುರುವಾಗುವ ಅರಮನೆ ತೋಟ

“ನಿಲ್ಲಲಾ! ಕೊಳದೊಳಕ್ಕೆ ಕಾಲಿಡ್ತಾ ಇದ್ದೀಯ!”

ಮಾವ ಕೂಗಿದ ರಭಸಕ್ಕೆ ನಾನು ಎತ್ತಿದ ಕಾಲನ್ನು ಹಾಗೇ ಹಿಡಿದು ಕೊಕ್ಕರೆಯಂತೆ ನಿಂತೆ. ಕೊಳವೂ ಇಲ್ಲ, ಗಿಳವೂ ಇಲ್ಲ. ಇದ್ದದ್ದು ಉರಿಗಾಂನಿಂದ ಕ್ಯಾಸಂಬಳ್ಳಿ ಕಡೆಗೆ ಹೋಗುವ ಒಣ ರಸ್ತೆ, ಅದರ ಮೇಲೊಂದು ಎಮ್ಮೆ. ಮಾವನ ಲೆಕ್ಕದಲ್ಲಿ ಆ ಎಮ್ಮೆ ಕೊಳದ ನಟ್ಟನಡುವೆ ನಿಂತಿತ್ತು. ಅದಕ್ಕೆ ಮಾವ ಏನೂ ಅನ್ನಲಿಲ್ಲ!

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಇಡೀ ಚಿನ್ನದ ಗಣಿಯಲ್ಲಿ ಸ್ವಂತಕ್ಕೊಂದು ಅರಮನೆ ತೋಟ ಇದ್ದದ್ದು ನಮ್ಮ ಮಾವನಿಗೊಬ್ಬನಿಗೇ. ಗಣಿಯ ಬಿಳಿ ದೊರೆಗಳ ಬಂಗಲೆ ಮುಂದೆ ಗುಲಾಬಿ ಇತ್ತು, ನಿಜ. ಅದೂ ಒಂದು ತೋಟವೇ?

ಮಾವ ಗಣಿಗೆ ಇಳಿದು ಬಂಡೆ ಕೊರೆಯುವವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಪಟಾಲಮ್ಮಿಗೆ ಸೇರಿ ಇಟಲಿಗೆ ಹೋಗಿದ್ದ. ಅಲ್ಲಿ ಫ್ಲಾರೆನ್ಸ್ ಎಂಬ ಪಟ್ಟಣದಲ್ಲಿ ಅರ್ಧ ದಿನ ರಜೆ ಸಿಕ್ಕಿತಂತೆ. ಉಳಿದವರು ಹೆಂಡ ಹುಡುಕಿಕೊಂಡು ಹೋದರು. ಇವನು ಹಳೇ ರಾಜರ ಅರಮನೆ ತೋಟಕ್ಕೆ ನುಗ್ಗಿ, ಹೆಜ್ಜೆ ಎಣಿಸುತ್ತಾ ಪೂರ್ತಿ ಸುತ್ತಿದ. ಹದಿನೈದು ವರ್ಷವಾದರೂ ಒಂದು ಹೆಜ್ಜೆ ಮರೆತಿರಲಿಲ್ಲ. ಆದರೆ ಕೂತು ಹೇಳು ಅಂದರೆ ಆಗದು.

“ತೋಟ ಅಂದ್ರೆ ಅರಿಕತೆ ಏನ್ಲಾ, ಕೂತ್ಕಂಡು ಕೇಳಾಕೆ? ನಡೀ!”

ಭಾನುವಾರ ಬಂತೆಂದರೆ ಮನೆ ಮುಂದಿನ ನಲ್ಲಿಯೇ ಅರಮನೆ ಬಾಗಿಲು. ಅಲ್ಲಿಂದ ಯಾರಾದರೊಬ್ಬರನ್ನು ಹಿಡಿದು ಹೊರಡಿಸುತ್ತಿದ್ದ. ನಡುವೆ ಯಾರೂ ಬಾಯಿ ಬಿಡಬಾರದು. ಬಿಟ್ಟರೆ ಲೆಕ್ಕ ತಪ್ಪುತ್ತದೆ. ತಪ್ಪಿದರೆ ಮತ್ತೆ ನಲ್ಲಿಯಿಂದ! ಒಂದು ಸಲ ನಾನು ಸೀನಿದ್ದಕ್ಕೆ ಮುನ್ನೂರು ಹೆಜ್ಜೆ ವಾಪಸ್ಸು ನಡೆಸಿದ. ಹೀಗಿದ್ದ ಮೇಲೆ ಕೊನೆಯವರೆಗೆ ಹೋಗುವವರು ಯಾರು? ಎಲ್ಲರೂ ಅರ್ಧದಲ್ಲೇ ಕೈಕೊಟ್ಟು ಓಡುತ್ತಿದ್ದರು.

ಅಷ್ಟರಲ್ಲಿ ಮಾವನ ಎದೆಯಲ್ಲಿ ಬಂಡೆಯ ದೂಳು ಕೂತಿತ್ತು. ನಡೆಯಬೇಡ ಅಂತ ಡಾಕ್ಟರು ಹೇಳಿದ್ದರು.

“ಉಸಿರು ನಿಲ್ಲೋದ್ರೊಳಗೆ ಒಬ್ರಿಗಾದ್ರೂ ಕೊನೇಗಂಟ ತೋರಿಸ್ಬೇಕು ಕಣ್ಲಾ,” ಅನ್ನುತ್ತಿದ್ದ. ಅದೊಂದೇ ಅವನ ಆಸೆ.

ಇಟಲಿಯ ಆ ಅರಮನೆ ಬಾಗಿಲಲ್ಲೇ ಅವನು ಮಾಡಿದ ಘನಂದಾರಿ ಕೆಲಸ ಕೇಳಿ. ಗಣಿಯಲ್ಲಿ ಒಳಗೆ ಇಳಿಯುವವನು ತನ್ನ ನಂಬರಿನ ಬಿಲ್ಲೆ ಕೊಟ್ಟು ಇಳಿಯಬೇಕು, ಮೇಲೆ ಬಂದು ವಾಪಸ್ಸು ಪಡೆಯಬೇಕು. ಇಲ್ಲವಾದರೆ ಅವನು ಒಳಗೇ ಉಳಿದ ಅಂತ ಲೆಕ್ಕ. ಅದೇ ಅಭ್ಯಾಸದ ಮೇಲೆ ಮಾವ ಕೊರಳಿನ ಸಿಪಾಯಿ ಬಿಲ್ಲೆ ಬಿಚ್ಚಿ ಅರಮನೆ ಕಾವಲುಗಾರನ ಕೈಗಿಟ್ಟ. ಆ ಮುದುಕ ಅದು ಯಾವುದೋ ದೇವರ ಬಿಲ್ಲೆ ಅಂದುಕೊಂಡು, ಮುತ್ತಿಟ್ಟು, ಮತ್ತೆ ಮಾವನ ಕೊರಳಿಗೇ ಕಟ್ಟಿದನಂತೆ!

ಈ ಕಥೆ ಬಂದಾಗಲೆಲ್ಲ ಅತ್ತೆ ಒಳಗಿನಿಂದ, “ತಾಳಿ ಕಟ್ಟಿಸ್ಕಂಡು ಬಂದವ್ನೆ, ಪುಣ್ಯಾತ್ಮ! ಅಲ್ಲೇ ಬಾಳಾಟ ಮಾಡ್ಬೇಕಾಗಿತ್ತು!” ಅನ್ನುತ್ತಿದ್ದಳು.

ಚಿನ್ನ ತೆಗೆದು ಉಳಿದ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಪಕ್ಕದ ಏರು ಬಂದರೆ ತೋಟದ ಮೆಟ್ಟಿಲುಗಳು. “ನಮ್ಮ ಗಣೀಲಿ ಲೆವೆಲ್ಲು ಅಂದ್ರೆ ಕೆಳಕ್ಕೆ. ಅಲ್ಲಿ ಮ್ಯಾಲಕ್ಕೆ ಕಣ್ಲಾ! ಒಂದ್ನೇ ಲೆವೆಲ್ಲು, ಎರಡ್ನೇ ಲೆವೆಲ್ಲು... ಮ್ಯಾಲೋದಂಗೆ ಬೆಳಕು ಜಾಸ್ತಿ!”

ಇನ್ನು ಆ ಎಮ್ಮೆ ನಿಂತ ಕೊಳ. ಅದರ ನಡುವೆ ಕರೀ ಮೈಯ ಗೊಂಬೆಯೊಂದು ತ್ರಿಶೂಲ ಹಿಡಿದು ನಿಂತಿತ್ತಂತೆ. “ತ್ರಿಸೂಲ ಇದ್ದಮ್ಯಾಲೆ ಈಸ್ವರನೇ ತಾನೆ?” ಮಾವ ಬೂಟು ಬಿಚ್ಚಿ ಅಡ್ಡಬಿದ್ದನಂತೆ. ಮುಂದಿನ ತೋಟವನ್ನೆಲ್ಲ ಬರಿಗಾಲಲ್ಲೇ ಸುತ್ತಿದ. ಆದ್ದರಿಂದ ನಾವೂ ಇಲ್ಲಿ ಚಪ್ಪಲಿ ಬಿಡಬೇಕು! ರಸ್ತೆ ತುಂಬ ಜಾಲಿಮುಳ್ಳು. ಯಾರು ಬಿಟ್ಟಾರು?

ಎಮ್ಮೆ ನಿಂತಿದ್ದ ಆ ಭಾನುವಾರ ನಾನು ಚಪ್ಪಲಿ ಬಿಟ್ಟೆ. ಹಿಂದೆ ಅತ್ತೆಯೂ ಚೊಂಬಿನಲ್ಲಿ ನೀರು ಹಿಡಿದು, ಬಾಯೊಳಗೇ ಬೈದುಕೊಂಡು ಬರುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ಮರೆತಿರಲಿಲ್ಲ ಅವಳು.

ನೀಲಗಿರಿ ಮರದ ಸಾಲು ಬಂತು. ಇಲ್ಲಿಂದ ಲೆಕ್ಕ ಮತ್ತೆ ಒಂದರಿಂದ. “ಇಲ್ಲಿ ಮುಗಿಲುದ್ದ ಮರಗಳು. ಇನ್ನೂರಾ ಅನ್ನೊಂದು... ಇನ್ನೂರಾ ಅನ್ನೆರಡು...”

ಅಷ್ಟೇ. ಕೆಮ್ಮು ಹಿಡಿಯಿತು. ಮೋರಿ ಕಟ್ಟೆಯ ಮೇಲೆ ಕುಸಿದು ಕೂತ. ನೀರು ಕುಡಿಸಿದೆವು. ಏಳಲು ನೋಡಿದ, ಆಗಲಿಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ಮುಗಿಯಿತು ಇವನ ತೋಟ ಅಂದುಕೊಂಡೆ.

ಅತ್ತೆ ಚೊಂಬನ್ನು ನನ್ನ ಕೈಗೆ ತುರುಕಿ, ಸೆರಗು ಸಿಕ್ಕಿಸಿ, ಮುಂದೆ ನಡೆದಳು.

“ಇನ್ನೂರಾ ಅದಿಮೂರು, ಇನ್ನೂರಾ ಅದಿನಾಲ್ಕು... ಎಡಕ್ಕೆ ಗಿಡದ ಗೋಡೆ. ಬಲಕ್ಕೆ ಮೂಗು ಮುರಿದ ಗೊಂಬೆ. ಅಲ್ವಾ?”

ಮಾವನ ಬಾಯಿ ತೆರೆದೇ ಇತ್ತು. “ನಿಂಗ್ಯಾರೇ ಯೋಳಿದ್ದು?”

“ನಿನ್ ತೋಟದಿಂದ ತಪ್ಪಿಸ್ಕಂಡು ಬಂದೋರೆಲ್ಲ ನಮ್ಮನೇಲೇ ಅಲ್ವಾ ನೀರು ಕುಡೀತಿದ್ದಿದ್ದು? ಒಬ್ಬೊಬ್ರನ್ನೂ ಕೇಳ್ಕಂಡೆ, ಎಲ್ಲಿಗಂಟ ಓಗಿದ್ರಿ, ಏನೇನೈತೆ ಅಂತ.”

ಜೋರಾಗಿ ಎಣಿಸುತ್ತಾ ಸಾಲಿನ ಕೊನೆಯ ಮರದವರೆಗೂ ಹೋದಳು. ಅಲ್ಲಿ ನಿಂತು ತಿರುಗಿ ಕೂಗಿದಳು.

“ಇದರಾಚೆಗೆ ಯಾರೂ ಓಗಿಲ್ಲ. ಮುಂದೇನೈತೆ?”

“ದುಂಡಗೆ ಒಂದು ಕೊಳ. ನಡುವೆ ನಿಂಬೆ ಗಿಡಗಳು,” ಮಾವ ಕೂತಲ್ಲಿಂದಲೇ ಉಸಿರು ಕೂಡಿಸಿ ಕೂಗಿದ.

“ಆಮ್ಯಾಕೆ?”

“ಒಂದು ಕಲ್ಲು ಬೆಂಚು. ಮುಗೀತು.”

“ಅಷ್ಟೇನಾ? ಇದಕ್ಕಾ ಅದಿನೈದು ವರ್ಸ ಜನರ ಪ್ರಾಣ ತಿಂದಿದ್ದು?”

“ಇಬ್ರು ಕೂರೋ ಬೆಂಚು ಕಣೇ,” ಅಂದ ಮಾವ. “ನಾನೊಬ್ನೇ ಕೂತಿದ್ದೆ.”

ಅತ್ತೆ ಅಷ್ಟು ದೂರವನ್ನೂ ವಾಪಸ್ಸು ನಡೆದು ಬಂದು, ಮೋರಿ ಕಟ್ಟೆಯ ಮೇಲೆ ಮಾವನ ಪಕ್ಕ ಜಾಗ ಮಾಡಿಕೊಂಡು ಕೂತಳು.

ನಾನು ಬೇರೆ ಕಡೆ ನೋಡಿದೆ.