ಸೆಲ್ಲು ಬಿಸಿಲಿಗಿಡುವವರು

ನಾನು ತಾಳಿ ಕಟ್ಟಿಸಿಕೊಂಡದ್ದು ಒಬ್ಬರಿಂದ, ಸಂಸಾರ ಮಾಡಿದ್ದು ಮೂರು ಜನರ ಜೊತೆ. ಗಾಬರಿಯಾಗಬೇಡಿ! ಮೂವರೂ ನಮ್ಮ ಯಜಮಾನರೇ. ಹೆಸರು ಮಾತ್ರ ಕೇಳಬೇಡಿ. ಇಷ್ಟು ವರ್ಷ ಬಾಯಿಬಿಟ್ಟು ಹೇಳದ್ದನ್ನು ಈಗ ಕಾಗದದ ಮೇಲೆ ಬರೆಯಲೇ?

ಅರಕೆರೆಯ ನಮ್ಮ ಮನೆಯಲ್ಲಿ ಅವರು ಹುಲಿ. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಅವರ ಗದರಿಕೆ ನಾಲೆಯ ಆಚೆ ದಡಕ್ಕೂ ಕೇಳುತ್ತದೆ. ನನ್ನ ತವರು ಚಿನಕುರಳಿಗೆ ಹೋದರೆ ಅದೇ ಮನುಷ್ಯ ಮದುವಣಗಿತ್ತಿ. ಉಪ್ಪೇ ಇಲ್ಲದ ಸಾರನ್ನು ಮತ್ತೆ ಬಡಿಸಿಕೊಂಡು "ಸಂದಾಗದೆ" ಅನ್ನುತ್ತಾರೆ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಕೈಗೆ ಟೀ ಲೋಟ ಬಂದರೆ ಮೂರನೆಯವರು: ಗುರುತೇ ಇಲ್ಲದ ಲಾರಿ ಡ್ರೈವರಿಗೆ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆಂದು ಬುದ್ಧಿ ಹೇಳುತ್ತಾರೆ!

ಇನ್ನೊಂದು ಚಾಳಿ. ಟಾರ್ಚಿನ ಸೆಲ್ಲು ಸತ್ತರೆ ಎಸೆಯುವುದಿಲ್ಲ. ನನ್ನ ಸಂಡಿಗೆಯ ಪಕ್ಕದಲ್ಲಿ ಬಿಸಿಲಿಗಿಡುತ್ತಾರೆ. ಸಂಜೆಗೆ ಜೀವ ಬರುತ್ತದಂತೆ. ಬರುತ್ತದೆ ಕೂಡ. ಆ ಟಾರ್ಚು ಹತ್ತಿದೆಯೋ ಇಲ್ಲವೋ ನೋಡಲು ಇನ್ನೊಂದು ಟಾರ್ಚು ಬೇಕು, ಅಷ್ಟೇ.

ಹೋದ ವರ್ಷ ಅವರ ಬೆನ್ನು, ಸೊಂಟದ ಮೇಲೆಲ್ಲ ಕೆಂಪು ಮಚ್ಚೆಗಳೆದ್ದವು. ಗಜಕರ್ಣವೆಂದು, ಕಂಡವರು ಕೊಟ್ಟ ಮುಲಾಮೆಲ್ಲ ಬಳಿದದ್ದಾಯಿತು. ಆಗಲೇ ಹುಲಿಗೆ ಹೊಸ ಹುಚ್ಚು ಹಿಡಿಯಿತು. "ನನ್ ಟವಲ್ ಮುಟ್ಬ್ಯಾಡ ಕಣಮ್ಮಿ! ನನ್ ತಟ್ಟೆ ನಾನೇ ತೊಳ್ಕತೀನಿ!" ಎಂದು ಗದರಿ, ಚಾಪೆ ಸುತ್ತಿಕೊಂಡು ಜಗಲಿಗೆ ಹೋಗಿಬಿಟ್ಟರು. ಯಾಕೆಂದು ಕೇಳಿದರೆ, "ನಿನ್ ಗೊರಕೆಗೆ ನಿದ್ದೆ ಬರಕಿಲ್ಲ."

ನಾನು ಗೊರಕೆ ಹೊಡೆಯುತ್ತೇನಂತೆ! ಇರಲಿ, ಜಗಲಿಯ ಸೊಳ್ಳೆಗಳಾದರೂ ಹೊಟ್ಟೆ ತುಂಬ ಉಣ್ಣಲಿ ಎಂದು ಸುಮ್ಮನಾದೆ.

ಕೊನೆಗೆ ಮೊಮ್ಮಗಳು ಅವರನ್ನು ತಾನಿರುವ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅವಳು ಚರ್ಮದ ಡಾಕ್ಟರು. ಮೂರನೇ ಕ್ಲಾಸಿಗೇ ಸ್ಲೇಟು ಎತ್ತಿಟ್ಟ ನನ್ನಂಥವಳ ಮೊಮ್ಮಗಳು! ಇನ್ನೊಂದು ಸಲ ಬರೆಯಲೇ? ಚರ್ಮದ ಡಾಕ್ಟರು! ಮಚ್ಚೆಯ ಚೂರು ತೆಗೆದು, ರಕ್ತ ತೆಗೆದು, ಎಲ್ಲ ಪರೀಕ್ಷೆ ಮುಗಿದ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು.

"ತಾತ, ಇದು ಚರ್ಮದ ಒಂಥರಾ ಕ್ಯಾನ್ಸರು. ಟಿ ಸೆಲ್ಲು ಅಂತ ಇರ್ತವೆ, ಮೈ ಕಾಯೋ ಕಾವಲಿನವು. ಅದ್ರಲ್ಲೇ ಕೆಲವು ಕೆಟ್ಟೋಗವೆ. ಅದೇ ಸೆಲ್ಲು ಚರ್ಮದಲ್ಲಿದ್ರೆ ಒಂಥರಾ ಆಡ್ತದೆ, ರಕ್ತಕ್ಕಿಳಿದ್ರೆ ಇನ್ನೊಂಥರಾ, ಕಂಕುಳ ಗಂಟಿಗೋದ್ರೆ ಮತ್ತೊಂಥರಾ. ನಿಮ್ಮವು ಇನ್ನೂ ಚರ್ಮ ಬಿಟ್ಟೋಗಿಲ್ಲ. ಲೈಟಿನ ಪೆಟ್ಟಿಗೇಲಿ ವಾರಕ್ ಮೂರ್ ಸಲ ಸ್ವಲ್ಪ ಹೊತ್ತು ನಿಂತ್ಕಂಡ್ರೆ ಅಲ್ಲೇ ಅಡಗ್ತವೆ."

ಕ್ಯಾನ್ಸರೆಂದಾಗ ಅಲುಗದ ಮನುಷ್ಯ ಲೈಟೆಂದೊಡನೆ ಎದ್ದು ನಿಂತರು.

"ಲೈಟಾ? ಸೆಲ್ಲಿಗಾ? ಸತ್ತಿರೋವೇ ಬಿಸ್ಲಿಗಿಟ್ರೆ ಎದ್ ಕೂತ್ಕತವೆ. ಇವು ಬದುಕಿರೋವು! ನಾ ಬರಕಿಲ್ಲ."

"ಅದು ಬೇರೆ ಸೆಲ್ಲು ತಾತ!"

"ಸೆಲ್ಲು ಸೆಲ್ಲೇ ಕಣವ್ವ."

ಅವಳು ಎಷ್ಟು ಬಿಡಿಸಿ ಹೇಳಿದರೂ ಬಾಗಿಲ ಕಡೆಗೇ ನೋಡುತ್ತಿದ್ದರು. ಲೈಟು ಬೇಡವೆಂದು ಮನೆಗೆ ಹೊರಟರೆ ಅವು ರಕ್ತಕ್ಕಿಳಿಯುವುದಿಲ್ಲವೇ? ನಾನೇ ಬಾಯಿ ಹಾಕಿದೆ.

"ಅರಕೆರೇಲಿ ಗುಡುಗೋರು ಚಿನಕುರಳೀಲಿ ಯಾಕೆ ಮೆತ್ತಗಾಯ್ತೀರಿ? ಆಳು ಒಂದೇ, ಜಾಗ ತಾನೆ ಬೇರೆ? ಸೆಲ್ಲೂ ಅಂಗೇಯ. ಟಾರ್ಚಲ್ಲಿ ಬೇರೆ, ಮೈಯಲ್ಲಿ ಬೇರೆ. ಇವು ಬೆಳ್ಳೂರು ಕ್ರಾಸಿನ ಬಸ್ ಹತ್ತಕ್ ಮುಂಚೆ, ಮನೇಲಿದ್ದಂಗೇ ಇಡ್ಕಂಡ್ಬುಡಬೇಕು."

ಹುಲಿ ನನ್ನನ್ನು ದಿಟ್ಟಿಸಿತು. "ಚಿನಕುರಳಿ ಇಸ್ಯ ಊರ್ ತುಂಬ ಏಳ್ಕಂಡ್ ಓಡಾಡ್ಬ್ಯಾಡ" ಎಂದು ಶರಟು ಬಿಚ್ಚಿತು.

ಮನೆಯಲ್ಲಿ ಒಂದು ಬಲ್ಬು ಹೆಚ್ಚಿಗೆ ಉರಿದರೆ ಕೂಗಾಡುವವರು, ಕಪ್ಪು ಕನ್ನಡಕ ಹಾಕಿಕೊಂಡು, ಸುತ್ತಲೂ ಟ್ಯೂಬ್‌ಲೈಟು ಉರಿಸಿಕೊಂಡು ನಿಂತರು. ಅವತ್ತೇ ಸಂಜೆ ಚಾಪೆ ಒಳಗೆ ಬಂತು.

"ಗೊರಕೆ?" ಎಂದೆ.

"ಸೊಳ್ಳೆ" ಎಂದರು.

ಈಗ ಮಚ್ಚೆಗಳು ಮಾಸಿವೆ! ಮೊನ್ನೆ ಮೊಮ್ಮಗಳು ನೋಡಿ, ಸೆಲ್ಲುಗಳು ಎಲ್ಲಿಗೂ ಹೋಗಿಲ್ಲವೆಂದಳು. ಬರುವಾಗ ಬಸ್ಸಿನ ಕಂಡಕ್ಟರಿಗೂ ಮೈಸೂರುಪಾಕು ಕೊಟ್ಟೆ. ಆದರೆ ಅವರು ಆಚೆ ನಿಂತಿದ್ದಾಗ ಅವಳು ನನ್ನ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದ್ದಳು.

"ಅಜ್ಜಿ, ಅವತ್ತು ಲೈಟಿಗೆ ಹೋಗಕ್ ಮುಂಚೆ, ನಾವಿಬ್ರೇ ಇದ್ದಾಗ, ತಾತ ಕೇಳಿದ್ದು ಒಂದೇ ಮಾತು. ವಾಸಿಯಾಯ್ತದಾ ಅಂತಲ್ಲ. 'ನಿಮ್ಮಜ್ಜಿಗೆ ಅಂಟ್ಕಂಡಿಲ್ಲ ತಾನೆ?' ಅಂತ. ಇದು ಅಂಟೋದೇ ಅಲ್ಲ ತಾತ ಅಂದೆ. ಮತ್ತೆ ಮತ್ತೆ ಹೇಳಿಸ್ಕಂಡ್ರು."

ಮೂವರ ಜೊತೆ ಸಂಸಾರ ಮಾಡಿದೆ ಎಂದೆನಲ್ಲ, ಲೆಕ್ಕ ತಪ್ಪಿತ್ತು.

ಮನೆಗೆ ಬಂದವಳೇ ಗೂಟದಲ್ಲಿದ್ದ ಅವರ ಟವಲು ಎಳೆದುಕೊಂಡು ಮುಖ ಒರೆಸಿಕೊಂಡೆ. ಅವರು ನೋಡಿದರು. ಗದರಲಿಲ್ಲ.