ನಮ್ಮ ಆರು ಜನರನ್ನು ಒಬ್ಬರನ್ನಾಗಿಸಿದ ಲಾಗಿನ್ ಪರದೆಗೆ

...ಇಲ್ಲ, ಅಲ್ಲಿಂದ ಬೇಡ. ಕ್ಷಮಿಸಬೇಕು, ಇದು ಮೂರನೆಯ ಸಲ ಮೊದಲಿನಿಂದ ಶುರು ಮಾಡುತ್ತಿರುವುದು. ಮೊದಲ ಸಲ ಇಸ್ತ್ರಿ ಯಂತ್ರದ ಹಬೆಯ ಸದ್ದಿಗೆ ನನ್ನ ಮಾತೇ ನನಗೆ ಕೇಳಿಸಲಿಲ್ಲ, ಎರಡನೆಯ ಸಲ ಸಿಟ್ಟಿನಲ್ಲಿ ನಮಸ್ಕಾರ ಹೇಳುವುದೇ ಮರೆತುಹೋಯಿತು. ಈಗ ಆಸ್ಪತ್ರೆಯ ತಾರಸಿಗೆ ಬಂದು, ಒಣಗಲು ಹಾಕಿದ ನೀಲಿ ಅಂಚಿನ ಹಾಸಿಗೆ ಬಟ್ಟೆಗಳ ನಡುವೆ ನಿಂತು ಫೋನಿಗೆ ನಿಧಾನವಾಗಿ ಹೇಳುತ್ತಿದ್ದೇನೆ. ಸಂಜೆ ನನ್ನ ತಂಗಿಯ ಮಗಳು ಇದನ್ನು ಕೇಳಿಸಿಕೊಂಡು ದುಂಡಗೆ ಬರೆದುಕೊಟ್ಟರೆ ಸೂಚನಾ ಫಲಕಕ್ಕೆ ಅಂಟಿಸುತ್ತೇನೆ. ತಾವು ಓದದಿದ್ದರೂ ನಾಲ್ಕು ಜನ ಓದಲಿ.

ಮಾನ್ಯ ಏಕದ್ವಾರ ಲಾಗಿನ್ ಮಹಾಶಯರೇ,

ತಮಗೆ ಅನಂತ ನಮಸ್ಕಾರಗಳು. ತಾವು ಕುಶಲವೆಂದೂ, ತಮ್ಮ ಸರ್ವರುಗಳು ತಂಪಾಗಿವೆಯೆಂದೂ ನಂಬಿದ್ದೇನೆ. ನಾನು ಈ ಆಸ್ಪತ್ರೆಯಲ್ಲಿ ದುರಸ್ತಿ ಕೆಲಸದವನು. ನಲ್ಲಿ, ಬೀಗ, ಟ್ರಾಲಿಯ ಚಕ್ರ ನನ್ನ ಪಾಲು. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ಹರಿಯದಂತೆ ಎಳೆದ ತಪ್ಪಿಗೆ ಕಂಪ್ಯೂಟರೂ ನನ್ನ ಪಾಲಿಗೆ ಬಂತು.

ತಾವು ಬರುವ ಮೊದಲು ನಾವು ಎಂಥ ಅಂಧಕಾರದಲ್ಲಿದ್ದೆವೆಂದು ಹೇಳಲು ನಾಚಿಕೆಯಾಗುತ್ತದೆ. ಪಾಳಿ ಪಟ್ಟಿಗೆ ಒಂದು ಪಾಸ್‌ವರ್ಡ್, ರಜೆ ಅರ್ಜಿಗೆ ಇನ್ನೊಂದು, ಉಗ್ರಾಣಕ್ಕೆ ಮತ್ತೊಂದು, ಲಿಫ್ಟ್ ಕೆಟ್ಟರೆ ದೂರು ಕೊಡಲು ಮಗದೊಂದು. ಲಾಂಡ್ರಿಯವರಂತೂ ನಾಲ್ಕನ್ನೂ ಎರಡನೆಯ ನಂಬರಿನ ತೊಳೆಯುವ ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡು, ವಾರಕ್ಕೊಮ್ಮೆ ಡ್ರಮ್ಮು ಒರೆಸಿದಾಗ ಎಲ್ಲವನ್ನೂ ಮರೆಯುತ್ತಿದ್ದರು. ನಾಲ್ಕು ಬಾಗಿಲಿಗೂ ಒಂದೇ ಬೀಗದ ಕೈ ಎಂದು ತಾವು ಬಂದಾಗ ತಮ್ಮನ್ನು ಬರಮಾಡಿಕೊಂಡವನು ನಾನೇ. ತಮ್ಮ ಪುಟದ ಖಾಲಿ ಚೌಕಗಳನ್ನು ಒಂದೊಂದಾಗಿ ನಾನೇ ತುಂಬಿದೆ. ಗುರುತು ಕೊಡುವವರ ವಿಳಾಸ, ಗುಟ್ಟಿನ ಸಂಕೇತ, ಗುರುತು ಸಿಕ್ಕ ಮೇಲೆ ಮನುಷ್ಯನನ್ನು ಯಾವ ಪುಟಕ್ಕೆ ವಾಪಸು ಕಳಿಸಬೇಕು ಎಂಬುದು, ಎಲ್ಲವನ್ನೂ. ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ: ಬಂದವರು ಇಂಥವರೇ ಎಂದು ಯಾವುದರಿಂದ ಗುರುತಿಸಲಿ, ನೌಕರನ ನಂಬರಿನಿಂದಲೋ, ಇಮೇಲ್‌ನಿಂದಲೋ? ಕೆಳಗೆ ಸಣ್ಣಕ್ಷರದಲ್ಲಿ ತಾವು ನಂಬರೇ ಒಳ್ಳೆಯದೆಂದು ಸಲಹೆ ಕೊಟ್ಟಿದ್ದಿರಿ, ಅದನ್ನು ಓದಿದೆ ಕೂಡ. ಆದರೆ ಮನುಷ್ಯರನ್ನು ನಂಬರಿನಿಂದ ಗುರುತಿಸುವುದು ಜೈಲಿನ ಪದ್ಧತಿ ಅಂತ ನನಗನ್ನಿಸಿ, ಮರ್ಯಾದೆಯಾಗಿ ಇಮೇಲ್ ಆರಿಸಿದೆ. ಹಳೆಯ ಪಾಸ್‌ವರ್ಡ್‌ಗಳ ಬಾಗಿಲು ಮುಚ್ಚಲೇ ಎಂದು ಕೇಳಿದಿರಿ. ಮುಚ್ಚಿ ಎಂದೆ. ಆ ಗಳಿಗೆಯಲ್ಲಿ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ ಅಂಗಿಯ ಗುಂಡಿಗೆ ಕಷ್ಟವಾಯಿತು.

ಇಲ್ಲಿ ಒಂದು ಸಣ್ಣ ವಿಷಯವನ್ನು ತಮ್ಮ ಗಮನಕ್ಕೆ ತರಬೇಕು. ಹನ್ನೊಂದು ವರ್ಷದ ಹಿಂದೆ, ಸಂಬಳದ ಚೀಟಿ ಇಮೇಲ್‌ನಲ್ಲೇ ಬರುತ್ತದೆ ಎಂದಾಗ, ಲಾಂಡ್ರಿಯ ಐವರಲ್ಲಿ ಯಾರಿಗೂ ಇಮೇಲ್ ಇರಲಿಲ್ಲ, ನನಗೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಯಾಕೆ ಎಂದು ಆರು ಜನಕ್ಕೂ ಸೇರಿಸಿ ಒಂದು ಮಾಡಿದೆ. ಒಂದೇ ಬಕೆಟ್ಟಿನ ನೀರು ಆರು ಜನ ಬಳಸಿದ ಹಾಗೆ ಹನ್ನೊಂದು ವರ್ಷ ಅದು ಸುಖವಾಗಿ ನಡೆದಿತ್ತು.

ತಾವು ಬಂದು, ಇಮೇಲ್ ಒಂದೇ ಆದರೆ ಮನುಷ್ಯನೂ ಒಬ್ಬನೇ ಎಂದುಕೊಂಡು, ಒಂದೇ ದಿನದಲ್ಲಿ ನಮ್ಮ ಆರೂ ಜನರನ್ನು ಒಬ್ಬ ಮನುಷ್ಯನನ್ನಾಗಿ ಮಾಡಿದಿರಿ. ತಮ್ಮ ಈ ಸೃಷ್ಟಿಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ, ಆದರೂ ಹೊಗಳುತ್ತೇನೆ. ಹನ್ನೆರಡು ಕೈ, ಬೆಳಗು ಮಧ್ಯಾಹ್ನ ರಾತ್ರಿ ಮೂರೂ ಪಾಳಿ, ನಡುನಡುವೆ ನಲ್ಲಿ ರಿಪೇರಿ. ಕಳೆದ ತಿಂಗಳು ಈ ಮಹಾನುಭಾವ ಸಾವಿರದ ಇನ್ನೂರು ಗಂಟೆ ದುಡಿದಿದ್ದಾನೆಂದು ತಾವೇ ಲೆಕ್ಕ ಕೊಟ್ಟಿರಿ. ತಿಂಗಳಿಗೆ ಅಷ್ಟು ಗಂಟೆ ಇಲ್ಲವಲ್ಲ ಎಂಬ ಸಣ್ಣತನ ತಮಗಿಲ್ಲ. ಆಡಳಿತಾಧಿಕಾರಿಗಳು ಅವನಿಗೆ ಉತ್ತಮ ನೌಕರ ಎಂಬ ಪ್ರಶಸ್ತಿ ಪತ್ರ ಕಳಿಸಿದ್ದಾರೆ. ಅದನ್ನು ಯಾರ ಮನೆಯ ಗೋಡೆಗೆ ಹೊಡೆಯುವುದೆಂದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇಷ್ಟಕ್ಕೇ ಆಗಿದ್ದರೆ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಲಾಂಡ್ರಿಯಲ್ಲಿ ಹಿರಿಯರಾದ ಚಿಕ್ಕಮ್ಮ, ಅಂದರೆ ನನಗಿಂತ ಎರಡು ವರ್ಷ ಚಿಕ್ಕವರಾದರೂ ಇಡೀ ಕಟ್ಟಡಕ್ಕೆ ಚಿಕ್ಕಮ್ಮನಾದವರು, ಮಗಳ ಚೊಚ್ಚಲ ಹೆರಿಗೆಗೆ ಹನ್ನೆರಡು ದಿನ ರಜೆ ಕೇಳಿದರು. ಮಗಳಿರುವುದು ಬಸ್ಸಿನಲ್ಲಿ ಏಳು ಗಂಟೆಯ ದೂರದಲ್ಲಿ, ಅಳಿಯನಿಗೆ ತಾಯಿಯಿಲ್ಲ, ಆ ಹುಡುಗಿಯ ಹತ್ತಿರ ನಿಲ್ಲಲು ಇವರನ್ನು ಬಿಟ್ಟರೆ ಬೇರೆ ಹೆಂಗಸಿಲ್ಲ. ಅರ್ಜಿ ಹಾಕಿದ ಕ್ಷಣವೇ ತಾವು ಉತ್ತರಿಸಿದಿರಿ: "ಆ ಹನ್ನೆರಡೂ ದಿನ ತಾವು ಮೂರೂ ಪಾಳಿಯಲ್ಲಿ ಕೆಲಸದಲ್ಲಿರುವುದರಿಂದ ರಜೆ ಸಾಧ್ಯವಿಲ್ಲ."

ಚಿಕ್ಕಮ್ಮ ಸೋಪಿನ ಕೈಯಲ್ಲೇ ನನ್ನ ಮುಂದೆ ಬಂದು ನಿಂತರು. "ಅಣ್ಣಾ, ನಾನು ಒಬ್ಬಳಾ, ಆರು ಜನಾನಾ, ಅದನ್ನ ಮೊದ್ಲು ಹೇಳು. ಒಬ್ಬಳಾದ್ರೆ ನನ್ನ ಪಾಳಿ ಒಂದೇ. ಆರು ಜನ ಆದ್ರೆ ಒಬ್ಬಳನ್ನ ಕಳಿಸು, ಉಳಿದ ಐದು ಜನ ನಾನು ಇಲ್ಲೇ ಇರ್ತೀನಿ."

ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಬೇಕು. ಆಡಳಿತಾಧಿಕಾರಿಗಳ ಕೋಣೆಗೆ ಹೋದೆವು. ಸಾಧು ಮನುಷ್ಯ, ಕುರ್ಚಿ ತೋರಿಸಿದರು. "ನಂದೇನೂ ಅಡ್ಡಿಯಿಲ್ಲಮ್ಮ, ಖುಷಿಯಾಗಿ ಹೋಗಿ ಬನ್ನಿ. ಕಂಪ್ಯೂಟರ್ ಒಂದು ಹ್ಞೂಂ ಅಂದುಬಿಡ್ಲಿ." ಕಾಗದದ ಅರ್ಜಿ ಕೊಡುತ್ತೇವೆ ಎಂದರೆ ಕಾಗದ ನಿಂತುಹೋಗಿದೆ, ಹೇಳದೆ ಹೋದರೆ ಕೆಲಸ ಹೋಗುತ್ತದೆ. ತಪ್ಪು ನನ್ನದು, ಸರಿ ಮಾಡೋಣವೆಂದು ತಮ್ಮ ಪುಟ ತೆರೆದರೆ ಇಮೇಲ್ ಎಂಬ ಚೌಕ ಬೂದು ಬಣ್ಣಕ್ಕೆ ತಿರುಗಿ ಕಲ್ಲಾಗಿತ್ತು. ಖಾತೆಗಳು ಸೃಷ್ಟಿಯಾದ ಮೇಲೆ ಅದನ್ನು ಬದಲಿಸಲು ತಮ್ಮನ್ನು ತಯಾರಿಸಿದವರಿಗಷ್ಟೇ ಸಾಧ್ಯವಂತೆ. ಅವರಿಗೆ ಬರೆದೆ. ಹದಿನಾಲ್ಕು ಕೆಲಸದ ದಿನಗಳೊಳಗೆ ಉತ್ತರಿಸುತ್ತಾರಂತೆ. ವೈದ್ಯರು ಹೆರಿಗೆಗೆ ಕೊಟ್ಟ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಹೀಗಿದ್ದವು. ಪಾಳಿ ಬದಲಾಗುವಾಗ ಸಿಗುವ ಹತ್ತು ನಿಮಿಷದಲ್ಲೇ ಹುಟ್ಟಬೇಕೆಂದು ಆ ಮಗುವಿಗೆ ತಾವು ಒಂದು ಸೂಚನೆ ಕಳಿಸಬೇಕು. ಅದಾಗದಿದ್ದರೆ ನಾವೆಲ್ಲ ಒಬ್ಬರೇ ಆದ್ದರಿಂದ ನನ್ನ ಎಡ ಮಂಡಿಯ ನೋವನ್ನು ಆರು ಸಮಪಾಲು ಮಾಡಿ ಹಂಚಬೇಕು. ನಾನು ಅಜ್ಜಿಯೂ ಆಗುತ್ತಿರುವುದರಿಂದ ಮನೆಯಲ್ಲಿ ಹೆಂಡತಿಗೆ ಈ ವಿಷಯವನ್ನು ತಾವೇ ಮೆತ್ತಗೆ ತಿಳಿಸಬೇಕು.

ಕೊನೆಗೆ ಅದಾವುದೂ ಬೇಕಾಗಲಿಲ್ಲ. ಮೊನ್ನೆ ಸಂಜೆ ನಾನು ಪರದೆಯ ಮುಂದೆ ತಲೆ ಹಿಡಿದು ಕೂತಿದ್ದಾಗ ಚಿಕ್ಕಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಲ್ಲಣ್ಣಾ, ಆ ಮೂಲೇಲಿ ಕೆಂಪು ಚುಕ್ಕೆ ಯಾಕೆ ಮಿಣುಕ್ತಿದೆ?" ಎಂದರು. ಒತ್ತಿದೆ. ಯಂತ್ರ ನಿರಾಕರಿಸಿದ ರಜೆಯನ್ನು ಖಾತೆಗಳ ನಿರ್ವಾಹಕರು ಬೇಕಾದರೆ ಮಂಜೂರು ಮಾಡಬಹುದು ಎಂದಿತ್ತು. ನಿರ್ವಾಹಕ ನಾನೇ, ತಮ್ಮನ್ನು ಕೂರಿಸುವಾಗ ನನಗೆ ನಾನೇ ಆ ಅಧಿಕಾರ ಕೊಟ್ಟುಕೊಂಡಿದ್ದೆ. ಆದರೆ ನಾನೇ ಎಂದರೆ ಯಾರು? ನಿರ್ವಾಹಕ ನಾನೇ ಅಂತೆ ಎಂದು ಅವರಿಗೆ ಹೇಳಿದೆ. "ಸರಿ ಬಿಡು, ಹಾಗಾದ್ರೆ ನಾನೂ ಅದೇ ತಾನೆ," ಎಂದು ಚಿಕ್ಕಮ್ಮ ಒದ್ದೆ ಬೆರಳನ್ನು ಸೀರೆಗೆ ಒರೆಸಿ, ಮಂಜೂರು ಎಂಬಲ್ಲಿ ಒತ್ತಿಯೇಬಿಟ್ಟರು. ಪರದೆಯ ಮೇಲೆ ಮೂಡಿತು, ಕೇಳಿದವರು: ತಾವು. ಕೊಟ್ಟವರು: ತಾವು. ಶುಭ ಪ್ರಯಾಣ ಎಂದು ತಾವೇ ಹಾರೈಸಿದಿರಿ. ಆಡಳಿತಾಧಿಕಾರಿಗಳು ಅದರ ಪ್ರತಿ ನೋಡಿ, "ಕಂಪ್ಯೂಟರ್ ಹ್ಞೂಂ ಅಂತಲ್ಲ, ಮುಗೀತು," ಎಂದರು.

ನಿನ್ನೆ ಬೆಳಗಿನ ಬಸ್ಸಿಗೆ ಅವರು ಹೊರಟರು. ಈವತ್ತಿನ ಪಾಳಿ ಪಟ್ಟಿಯಲ್ಲಿ ಲಾಂಡ್ರಿಯ ಐವರೂ ರಜೆ, ನಾನೂ ರಜೆ. ಉಳಿದ ನಾಲ್ವರು ಎಂದಿನಂತೆ ಬಂದು, ರಜೆಯಲ್ಲಿದ್ದುಕೊಂಡೇ ಬಟ್ಟೆ ತೊಳೆಯುತ್ತಿದ್ದಾರೆ, ರಜೆಯಲ್ಲಿರುವ ನಾನು ತಾರಸಿಗೆ ಹೊತ್ತು ತಂದು ಒಣಗಿಸುತ್ತಿದ್ದೇನೆ. ಚಿಕ್ಕಮ್ಮನಿಂದ ಮಾತ್ರ ಇನ್ನೂ ಸುದ್ದಿಯಿಲ್ಲ. ಸಮಯಕ್ಕೆ ತಲುಪಿದರೋ ಇಲ್ಲವೋ ಎಂದು... ತಾಳಿ, ಅವರದೇ ಫೋನು ಬರುತ್ತಿದೆ. ಇದನ್ನು ಇಲ್ಲಿಗೆ ಮುಗಿಸಿದೆ.

ತಮ್ಮ ವಿಶ್ವಾಸಿ,
(ಒಟ್ಟಿನ ಆರನೆಯ ಒಂದು ಭಾಗ)

ತಾ.ಕ.: ಬಸ್ಸಿಳಿದು ಎರಡು ಗಂಟೆಯೊಳಗೆ ಹೆಣ್ಣು ಮಗು. ತಾಯಿ ಮಗು ಕ್ಷೇಮ. ಹೊತ್ತಿಗೆ ಸರಿಯಾಗಿ ಮುಟ್ಟಿದೆ ಅಣ್ಣಾ, ಮಗಳು ನನ್ನ ಕೈ ಬಿಡಲೇ ಇಲ್ಲ ಎಂದು ಚಿಕ್ಕಮ್ಮ ಅತ್ತು ನಕ್ಕರು. ಆ ಆಸ್ಪತ್ರೆಯಲ್ಲೂ ಈಗ ತಮ್ಮ ಹಾಗೆಯೇ ಒಬ್ಬರು ಬಂದು ಕೂತಿದ್ದಾರಂತೆ. ಮಗುವಿನ ದಾಖಲೆಗೆ ಒಂದು ಇಮೇಲ್ ಬೇಕೆಂದು ಕೇಳಿದ್ದಕ್ಕೆ ಚಿಕ್ಕಮ್ಮ ಧೈರ್ಯವಾಗಿ ನಮ್ಮದನ್ನೇ ಕೊಟ್ಟಿದ್ದಾರೆ. ಆದ್ದರಿಂದ ತಮ್ಮ ದಾಖಲೆಗೆ ಹೇಳುತ್ತಿದ್ದೇನೆ, ಈಗ ನಾವು ಏಳು ಜನ. ನಮ್ಮಲ್ಲಿ ತೀರಾ ಚಿಕ್ಕವಳಿಗೆ ಮೊದಲ ಲಸಿಕೆಯೂ ಆಗಿದೆ, ಹಾಗಾಗಿ ತಮ್ಮ ನಿಯಮದ ಪ್ರಕಾರ ನನಗೂ ಆಗಿದೆ. ನಮ್ಮನ್ನು ಬೇರ್ಪಡಿಸಲು ತಮ್ಮವರು ಹದಿನಾಲ್ಕು ದಿನ ತೆಗೆದುಕೊಳ್ಳಲಿ, ಇನ್ನೂ ಹೆಚ್ಚೇ ತೆಗೆದುಕೊಳ್ಳಲಿ, ಅವಸರವಿಲ್ಲ. ಕೆಳಗಿನಿಂದ ಇಸ್ತ್ರಿಯವನು ಕೂಗುತ್ತಿದ್ದಾನೆ, ರಜೆಯಲ್ಲಿರುವವನೇ, ಟ್ರಾಲಿಯ ಚಕ್ರ ಕಳಚಿಕೊಂಡಿದೆ ಬಾ ಎಂದು. ಬಂದೆನಪ್ಪಾ, ಬಂದೆ. ಇಡುತ್ತೇನೆ.