ಇಲಿ ವಿಭಾಗದಲ್ಲಿ ದಾಖಲಾದ ಪೇಂಟರು

ಮೆದುಳು ರಕ್ತನಾಳ ಮತ್ತು ನರರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಕಳೆದ ಸಾಲಿನಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಇಲಿಗಳೆಲ್ಲವೂ ಗುಣ ಹೊಂದಿವೆ ಎಂಬುದು ಪ್ರಕಟಿತ ಸಂಗತಿ. ಮನುಷ್ಯರ ಬಗ್ಗೆ ಲೆಕ್ಕ ಇಡುವ ಪದ್ಧತಿ ಸಂಸ್ಥೆಯಲ್ಲಿಲ್ಲ.

ಇದರಲ್ಲಿ ಯಾರ ತಪ್ಪೂ ಇಲ್ಲ. ಇಲಿಗೆ ಪಾರ್ಶ್ವವಾಯು ಬರಿಸುವವರು ಸಂಸ್ಥೆಯವರೇ ಆದ್ದರಿಂದ, ಅದರ ಕತ್ತಿನ ರಕ್ತನಾಳಕ್ಕೆ ತಡೆ ಹಾಕುವ ಹೊತ್ತಿಗೆ ಔಷಧಿಯ ಸಿರಿಂಜು ಪಕ್ಕದ ತಟ್ಟೆಯಲ್ಲಿ ಸಿದ್ಧವಾಗಿರುತ್ತದೆ. ಮನುಷ್ಯರಿಗೆ ಈ ಶಿಸ್ತಿಲ್ಲ. ಬಸ್ಸಿನಲ್ಲಿ, ಬಚ್ಚಲಲ್ಲಿ, ಮಗಳ ತಲೆ ಬಾಚುವಾಗ, ಯಾರನ್ನೂ ಕೇಳದೆ ಎಲ್ಲೆಂದರಲ್ಲಿ ಬರಿಸಿಕೊಂಡು ಆಮೇಲೆ ಓಡಿ ಬರುತ್ತಾರೆ. ಇಲಿ ವಿಭಾಗ ನೆಲಮಹಡಿಯಲ್ಲಿದೆ. ಒಳಗೆ ಏಸಿ, ಮಂದ ಬೆಳಕು, ಬಾಗಿಲಲ್ಲಿ ‘ಸದ್ದು ಮಾಡಬೇಡಿ, ಚೇತರಿಸಿಕೊಳ್ಳುತ್ತಿದ್ದಾರೆ’ ಎಂಬ ಫಲಕ. ಮಾನವ ವಿಭಾಗ ಮೂರನೇ ಮಹಡಿಯಲ್ಲಿದೆ. ಲಿಫ್ಟು ಕೆಟ್ಟಿರುವುದರಿಂದ, ಮೆಟ್ಟಿಲು ಹತ್ತಿ ಅಲ್ಲಿಯವರೆಗೆ ಬರಬಲ್ಲವರನ್ನು ಗುಣಮುಖರೆಂದು ಪರಿಗಣಿಸಿ ವಾಪಸು ಕಳಿಸಲಾಗುತ್ತದೆ.

ಸಂಸ್ಥೆಯ ಕಾಂಪೌಂಡ್ ಗೋಡೆಯ ಮೇಲೆ ಜನಜಾಗೃತಿಯ ವಾಕ್ಯಗಳನ್ನು ಬರೆಯುವ ಕೆಲಸ ಒಬ್ಬ ಪೇಂಟರಿಗೆ ಸಿಕ್ಕಿತ್ತು. ಅವರು ಅಕ್ಷರದ ಅಂಚು ಎಳೆಯುವುದು, ಹೆಂಡತಿ ಒಳಗೆ ಬಣ್ಣ ತುಂಬುವುದು. ಮದುವೆಯಾದಾಗಿನಿಂದ ಇದೇ ಏರ್ಪಾಡು. ‘ಬಾಯಿ ಸೊಟ್ಟಗಾದರೆ, ಕೈ ಜೋಲುಬಿದ್ದರೆ, ಮಾತು ತೊದಲಿದರೆ ಕೂಡಲೇ ಬನ್ನಿ’ ಎಂಬುದು ಆಗಲೇ ಮುಗಿದಿತ್ತು. ಅದರ ಪಕ್ಕದಲ್ಲಿ ಆಳೆತ್ತರದ ಕೆಂಪು ಅಕ್ಷರಗಳಲ್ಲಿ ‘ಪ್ರತಿ ನಿಮಿಷವೂ ಅಮೂಲ್ಯ’ ಎಂದು ಬರಬೇಕಿತ್ತು. ‘ಅಮೂ’ ಮುಗಿಸಿ ಮುಂದಿನ ಅಕ್ಷರಕ್ಕೆ ಕೈಯಿಡುವಾಗ ಬ್ರಶ್ಶು ಗೋಡೆಗುಂಟ ಕೆಳಗೆ ಜಾರಿತು. ಅದರ ಹಿಂದೆಯೇ ಪೇಂಟರು ಏಣಿಯ ಮೇಲಿಂದ ಜಾರಿ ನೆಲದ ಮೇಲೆ ಕೂತರು.

ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಗೋಡೆ ನೋಡಿದಳು. ಬಾಯಿ, ಕೈ, ಮಾತು, ಮೂರೂ ಗೋಡೆಯಲ್ಲಿ ಬರೆದ ಹಾಗೇ ಇದ್ದವು. ಅಷ್ಟರಲ್ಲಿ ಹೊರಗೆ ಬಂದ ಆಡಳಿತಾಧಿಕಾರಿಗಳು, ಕೆಂಪು ಗೆರೆ ಕೆಳಗಿನವರೆಗೆ ಇಳಿದಿರುವುದನ್ನು ಗಮನಿಸಿ, ಒಣಗುವ ಮೊದಲೇ ಒರೆಸುವಂತೆ ಸೂಚಿಸಿ ಒಳಗೆ ಹೋದರು.

ಅವಳು ಬಣ್ಣದ ಡಬ್ಬ ಸಾಗಿಸುವ ತಳ್ಳುಗಾಡಿಯ ಮೇಲೆ ಗಂಡನನ್ನು ಕೂರಿಸಿಕೊಂಡು ನೋಂದಣಿ ಕೌಂಟರಿಗೆ ಬಂದಳು. ಕೌಂಟರಿನ ಗುಮಾಸ್ತರು ನಿವೃತ್ತಿಗೆ ಹತ್ತಿರವಿದ್ದವರು, ಯಾರ ಜೊತೆಗೂ ಜಗಳ ಬೇಡವೆಂದು ನಿಯಮದಂತೆ ನಡೆಯುವವರು. ಔಷಧಿ ಇನ್ನೂ ಪ್ರಯೋಗದ ಹಂತದಲ್ಲಿದೆ, ಮನುಷ್ಯನಿಗೆ ಕೊಡಬೇಕಾದರೆ ರೋಗಿ ತಾನೇ ಸ್ಪಷ್ಟವಾಗಿ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು, ಬಲಗೈಯಲ್ಲಿ ಸಹಿ ಹಾಕಬೇಕು ಎಂದು ಅವರು ವಿವರಿಸಿದರು. ಇವೆರಡನ್ನೂ ಮಾಡಬಲ್ಲವನಿಗೆ ಪಾರ್ಶ್ವವಾಯು ಆಗಿರುವುದಿಲ್ಲವಾದ್ದರಿಂದ ಔಷಧಿಯ ಅಗತ್ಯವಿರುವುದಿಲ್ಲ, ಮಾಡಲಾರದವನು ಅನರ್ಹ. ಈ ನಿಯಮದಿಂದಾಗಿ ಇದುವರೆಗೆ ಒಬ್ಬ ಮನುಷ್ಯನಿಗೂ ಅಡ್ಡಪರಿಣಾಮ ಆಗಿಲ್ಲವೆಂಬುದು ಸಂಸ್ಥೆಯ ಹೆಮ್ಮೆ.

“ಆ ಪಕ್ಕದ ಕಿಟಕಿ ಯಾರಿಗೆ ಸಾರ್?” ಎಂದಳು ಹೆಂಡತಿ.

“ಅದು ಇಲಿಗೆ.”

“ಇಲಿ ಸಹಿ ಹಾಕತ್ತಾ?”

“ಇಲಿ ಯಾಕಮ್ಮಾ ಸಹಿ ಹಾಕತ್ತೆ? ತಂದೋರು ಹೇಳಿದ್ರೆ ಆಯ್ತು.”

ಅವಳು ತಳ್ಳುಗಾಡಿಯನ್ನು ಎರಡು ಮಾರು ಪಕ್ಕಕ್ಕೆ ಸರಿಸಿದಳು. ಗುಮಾಸ್ತರೂ ತಮ್ಮ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡರು, ಆ ಕಿಟಕಿಗೂ ಅವರೇ.

“ನಾನು ತಂದಿದೀನಿ. ಬರ್ಕೊಳ್ಳಿ.”

ಗುಮಾಸ್ತರು ನಿಯಮಾವಳಿ ತೆಗೆದು ನೋಡಿದರು. ಇಲಿ ಎಂದರೆ ಇಲಿ ವಿಭಾಗದಲ್ಲಿ ದಾಖಲಾದ ಯಾವುದೇ ಜೀವಿ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಬಾಲದ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ತೂಕದ ಕಾಲಮಿನಲ್ಲಿ ‘ಪುಷ್ಟಿಯಾಗಿದೆ’ ಎಂದು ಬರೆದು ಅವರು ಗಂಟೆ ಒತ್ತಿದರು. ಹೆಂಡತಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಪೇಂಟರ ತೋಳಿಗೆ ಔಷಧಿ ಇಳಿದಿತ್ತು.

ಅಂದು ಸಂಜೆಯೇ ಪ್ರಾಣಿದಯಾ ಸಮಿತಿ ತುರ್ತಾಗಿ ಸೇರಿತು. ಮಾನವ ಸಮಿತಿಗೆ ವರ್ಷಕ್ಕೊಮ್ಮೆ ಸೇರಲೂ ಪುರುಸೊತ್ತಾಗುವುದಿಲ್ಲ. ಪ್ರಾಣಿದಯಾ ಸಮಿತಿ ಹಾಗಲ್ಲ. ಹೊಸ ಇಲಿಗೆ ಪಂಜರ ಇಕ್ಕಟ್ಟಾಗುವುದೆಂದು ಇಡೀ ಕೋಣೆ ಬಿಟ್ಟುಕೊಡಲಾಯಿತು. ಮೆತ್ತನೆಯ ಹಾಸು, ಹೊತ್ತುಹೊತ್ತಿಗೆ ಆಹಾರ, ಮಗ್ಗುಲು ಬದಲಿಸಲು ಇಬ್ಬರು ಸಹಾಯಕರು ಮಂಜೂರಾದರು. ಅದರ ಎದುರು ಯಾರೂ ದನಿ ಏರಿಸಬಾರದೆಂದು ಆದೇಶವಾಯಿತು. ನೋಡಲು ಬಂದ ಪೇಂಟರ ತಾಯಿ ಕೋಣೆಯ ಸುತ್ತ ಕಣ್ಣಾಡಿಸಿ, “ಮನೇಲಿ ಒಂದು ಫ್ಯಾನ್ ರಿಪೇರಿ ಮಾಡ್ಸಿ ಅಂತ ನಿಮ್ಮಿಬ್ಬರ ಹತ್ರ ಬಡ್ಕೊಂಡಿದ್ದೇ ಬಂತು. ಇಲಿ ಆದ್ಮೇಲೆ ನೋಡು, ನನ್ನ ಮಗನಿಗೆ ಏಸಿ,” ಎಂದು ಸೊಸೆಗೆ ಪಿಸುಗುಟ್ಟಿದರು.

ವಾರದೊಳಗೆ ಬಲಗೈಯ ಬೆರಳು ಆಡಿದವು. ಒಂದು ಬೆಳಿಗ್ಗೆ ಪೇಂಟರು ಹೆಂಡತಿಯ ಕಡೆ ತಿರುಗಿ, “ಬ್ರಶ್ ತೊಳೆದು ಇಟ್ಯಾ?” ಎಂದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಕ್ಕದಲ್ಲಿದ್ದ ಸಂಶೋಧನಾ ಸಹಾಯಕಿ ಗಡಿಯಾರ ನೋಡಿ, ‘ಇಲಿ ಶಬ್ದ ಮಾಡಿತು’ ಎಂದು ದಾಖಲಿಸಿದಳು.

ನಿರ್ದೇಶಕರ ಸಂತೋಷಕ್ಕೆ ಪಾರವಿರಲಿಲ್ಲ. ಸತ್ತುಹೋಗುತ್ತಿದ್ದ ನರಕೋಶಗಳನ್ನು ತಮ್ಮ ಔಷಧಿ ಉಳಿಸಿದ್ದಷ್ಟೇ ಅಲ್ಲ, ಇಲಿ ಕುಂಚ ಹಿಡಿದು ‘ಅ’ ಬರೆಯುತ್ತದೆ, ಸಕ್ಕರೆ ಕಮ್ಮಿಯಾಯಿತೆಂದು ಟೀ ವಾಪಸು ಕಳಿಸುತ್ತದೆ ಎಂದು ಅವರು ಪ್ರಬಂಧ ಬರೆದರು. ಇಲಿ ಯಾವ ತಳಿಯದೆಂದು ಪತ್ರಿಕೆಯವರು ಕೇಳಿದಾಗ ‘ಸ್ಥಳೀಯ’ ಎಂದು ಉತ್ತರಿಸಲಾಯಿತು. ಪ್ರಬಂಧ ಅಚ್ಚಾಯಿತು. ಹೊರಗಿನಿಂದ ದೊಡ್ಡ ಅನುದಾನ ಬಂತು. ಪ್ರಯೋಗ ನಡೆಯುತ್ತಿರುವವರೆಗೂ ಅದು ಬರುತ್ತಲೇ ಇರುವುದೆಂಬ ಭರವಸೆಯ ಮೇಲೆ ನಿರ್ದೇಶಕರಿಗೆ ಹೊಸ ಕಾರೂ ಬಂತು.

ಪೇಂಟರು ತಾವಾಗಿ ಎದ್ದು ಓಡಾಡತೊಡಗಿದ ಮೇಲೆ ಹೆಂಡತಿ ನಿರ್ದೇಶಕರ ಕೋಣೆಗೆ ಹೋಗಿ, ಇನ್ನು ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಪೇಂಟರು ಹಿಂದೆಯೇ ನಿಂತಿದ್ದರು. ಇಲಿಗಳು ಮನೆಗೆ ಹೋಗುವ ಕ್ರಮವಿಲ್ಲವೆಂದು ನಿರ್ದೇಶಕರು ಸಮಾಧಾನದಿಂದ ತಿಳಿಸಿದರು. ಪ್ರಯೋಗ ಮುಗಿದ ದಿನ ಮೆದುಳನ್ನು ಹೊರತೆಗೆದು, ತೆಳ್ಳಗೆ ಹೋಳು ಮಾಡಿ, ಬಣ್ಣದಲ್ಲಿ ಅದ್ದಿ ನೋಡುವುದು ಕ್ರಮ. ಬದುಕಿದ ಭಾಗ ಕೆಂಪಾಗುತ್ತದೆ, ಸತ್ತ ಭಾಗ ಬಿಳಿಯಾಗಿಯೇ ಉಳಿಯುತ್ತದೆ. ಅಂದಾಜಿನ ಮೇಲೆ ದಿನಾಂಕ ಗೊತ್ತುಮಾಡಲಾಗಿದೆ. ನೋವಾಗದಂತೆ ಪ್ರಾಣಿದಯಾ ಸಮಿತಿ ಎಲ್ಲ ವ್ಯವಸ್ಥೆ ಮಾಡಿದೆ.

“ಎಣ್ಣೆ ಬಣ್ಣಾನಾ ಸಾರ್, ನೀರು ಬಣ್ಣಾನಾ?” ಎಂದರು ಪೇಂಟರು, ಅಭ್ಯಾಸಬಲದಿಂದ.

ಹೆಂಡತಿ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಇವರನ್ನ ಮನುಷ್ಯ ಅಂತ ಬರ್ಕೊಂಡು ಬಿಟ್ಬಿಡಿ ಸಾರ್.”

“ಹೇಗೆ ಬರ್ಕೊಳ್ಲಮ್ಮಾ? ಮನುಷ್ಯನಿಗೆ ಆ ಔಷಧಿ ಕೊಟ್ಟಿದ್ದೇ ಅಪರಾಧ ಆಗತ್ತೆ. ನನ್ನ ಜೊತೆ ನೀನೂ ಜೈಲಿಗೆ, ತಂದೋಳು ನೀನೇ ತಾನೆ? ಅಷ್ಟಕ್ಕೂ ಅದು ಮನುಷ್ಯರ ಮೇಲೆ ಕೆಲಸ ಮಾಡತ್ತೆ ಅನ್ನೋಕೆ ನಮ್ಮ ಹತ್ರ ಒಂದೇ ಒಂದು ಪುರಾವೆ ಇಲ್ಲ.”

“ನಾನಿದೀನಲ್ಲ ಸಾರ್,” ಎಂದರು ಪೇಂಟರು.

“ನೀನು ಇಲಿ,” ಎಂದರು ನಿರ್ದೇಶಕರು, ಪ್ರೀತಿಯಿಂದಲೇ.

ಹೆಂಡತಿ ಕಿಟಕಿಯಾಚೆ ಕಾಂಪೌಂಡ್ ಗೋಡೆಯನ್ನು ನೋಡುತ್ತಿದ್ದಳು. ‘ಅಮೂ’ ಆದಮೇಲೆ ಕೆಂಪು ಗೆರೆ ಇನ್ನೂ ಹಾಗೇ ಇತ್ತು.

“ಪ್ರಯೋಗ ಮುಗೀತು ಅಂತ ಯಾವುದರ ಮೇಲೆ ಹೇಳ್ತೀರಾ ಸಾರ್?” ಎಂದಳು.

ಇಲಿ ತಾನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಪೂರ್ತಿ ಮಾಡಿ ತೋರಿಸಿದಾಗ ಎಂದು ನಿರ್ದೇಶಕರು ಹೇಳಿದರು. ಹಾಗೆಂದು ಪ್ರಬಂಧದಲ್ಲಿ ಅವರೇ ಬರೆದಿದ್ದರು.

“ಇನ್ನೂ ಒಂದಕ್ಷರ ಬಾಕಿ ಇದೆ,” ಎಂದಳು ಅವಳು. “ಅದೂ ಒತ್ತಕ್ಷರ. ಯ ಒತ್ತಿನ ಸುರುಳಿ ಕೂರ್ಸೋದು ಅಂದ್ರೆ ಸುಮ್ನೆ ಅಲ್ಲ ಸಾರ್. ಇವರ ಕೈ ಈಗ ಇರೋ ಹದಕ್ಕೆ ಎಷ್ಟು ವರ್ಷ ಹಿಡಿಯತ್ತೋ. ಅಲ್ಲೀವರೆಗೂ ನಿಮ್ಮ ಅನುದಾನ ಬರ್ತಾನೇ ಇರತ್ತೆ, ಅಲ್ವಾ?”

ನಿರ್ದೇಶಕರು ಕಿಟಕಿಯ ಬಳಿಗೆ ಎದ್ದು ಹೋಗಿ ಗೋಡೆಯನ್ನು ಬಹಳ ಹೊತ್ತು ನೋಡಿದರು. ಗೋಡೆಯ ನೆರಳಿನಲ್ಲಿ ಹೊಸ ಕಾರು ನಿಂತಿತ್ತು. ಮಾರನೆಯ ದಿನ ಹೋಳು ಮಾಡುವ ದಿನಾಂಕವನ್ನು ಅನಿರ್ದಿಷ್ಟಾವಧಿಗೆ ಮುಂದೂಡಿ ಸುತ್ತೋಲೆ ಹೊರಟಿತು. ಇಲಿ ರಾತ್ರಿ ಅಡ್ಡಾಡುವ ಪ್ರಾಣಿಯಾಗಿದ್ದು, ಅದನ್ನು ರಾತ್ರಿ ಕೂಡಿಹಾಕುವುದು ಹಿಂಸೆಯೆಂದು ಪ್ರಾಣಿದಯಾ ಸಮಿತಿ ಅಭಿಪ್ರಾಯಪಟ್ಟಿದ್ದರಿಂದ, ಸಂಜೆಯಿಂದ ಬೆಳಗಿನವರೆಗೆ ಹೊರಗೆ ಬಿಡಲು ಅನುಮತಿಯೂ ಸಿಕ್ಕಿತು. ಪೇಂಟರು ಈಗ ಸಂಜೆ ಮನೆಗೆ ಹೋಗಿ ಉಂಡು ಮಲಗಿ ಬೆಳಿಗ್ಗೆ ಬರುತ್ತಾರೆ. ‘ತಾನಾಗಿ ಹಿಂದಿರುಗುವ ಇಲಿ’ ಎಂಬುದು ನಿರ್ದೇಶಕರ ಎರಡನೆಯ ಪ್ರಬಂಧ.

ಸುದ್ದಿ ಊರಿಗೆ ಗೊತ್ತಾಗದೇ ಇರಲಿಲ್ಲ. ಮಾನವ ಕಿಟಕಿಯ ಮುಂದೆ ಈಗ ಯಾರೂ ನಿಲ್ಲುವುದಿಲ್ಲ. ಬಾಯಿ ಸೊಟ್ಟಗಾದವರನ್ನೂ ಕೈ ಜೋಲುಬಿದ್ದವರನ್ನೂ ಮನೆಯವರು ನೇರವಾಗಿ ಪಕ್ಕದ ಕಿಟಕಿಗೇ ತರುತ್ತಾರೆ. ಗುಣವಾದವರೆಲ್ಲರಿಗೂ ಅರ್ಧಕ್ಕೆ ಬಿಟ್ಟ ಒಂದೊಂದು ಕೆಲಸವಿದೆ. ಒಬ್ಬ ಮೇಷ್ಟ್ರು ಒಂದೇ ಉತ್ತರಪತ್ರಿಕೆ ತಿದ್ದುತ್ತಿದ್ದಾರೆ. ಒಬ್ಬ ಅಜ್ಜಿ ತೋಳು ಮುಗಿಯದ ಸ್ವೆಟರು ಹೆಣೆಯುತ್ತಿದ್ದಾರೆ. ಕಳೆದ ವಾರ ನಿರ್ದೇಶಕರು ತಮ್ಮ ಮಾವನವರನ್ನೇ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದು, ಗುಮಾಸ್ತರ ಕಿವಿಯಲ್ಲಿ, “ಇಲಿ ಅಂತಲೇ ಬರ್ಕೊಳ್ರೀ, ಬೇಗ,” ಎಂದರು. ಔಷಧಿ ಮನುಷ್ಯರಿಗೆ ಉಪಯೋಗವಿಲ್ಲವೆಂದು ಸಂಸ್ಥೆಯ ವಾರ್ಷಿಕ ವರದಿ ಈ ಬಾರಿಯೂ ವಿಷಾದಪೂರ್ವಕವಾಗಿ ತಿಳಿಸಿದೆ.

ಪೇಂಟರ ಕೈ ಈಗ ಮೊದಲಿಗಿಂತ ಚೆನ್ನಾಗಿ ಓಡುತ್ತದೆ. ದಿನವೂ ಬೆಳಿಗ್ಗೆ ಏಣಿ ಹತ್ತಿ ‘ಲ್ಯ’ದ ಅಂಚನ್ನು ಒಂದಿಷ್ಟು ಎಳೆಯುತ್ತಾರೆ; ಸಂಜೆ ಹೆಂಡತಿ ಅದರ ಮೇಲೆ ಸುಣ್ಣ ಬಳಿದು ಬ್ರಶ್ಶು ತೊಳೆದಿಡುತ್ತಾಳೆ. ಒಮ್ಮೆ ಅವರು ಮೈಮರೆತು ಒತ್ತಿನ ಸುರುಳಿಯವರೆಗೂ ಹೋಗಿಬಿಟ್ಟಿದ್ದರು. ಕಾರಿನಿಂದಿಳಿಯುತ್ತಿದ್ದ ನಿರ್ದೇಶಕರು ಅದನ್ನು ಕಂಡು, ಬ್ಯಾಗನ್ನೂ ಬಿಟ್ಟು ಏಣಿಯ ಬುಡಕ್ಕೆ ಓಡಿ ಬಂದು, ‘ಪ್ರತಿ ನಿಮಿಷವೂ’ ಎಂಬುದರ ಕೆಳಗೆ ನಿಂತು, ಏದುಸಿರು ಬಿಡುತ್ತಾ ಹೇಳಿದರು:

“ಅವಸರ ಏನಿಲ್ಲಪ್ಪಾ, ನಿಧಾನಕ್ಕೆ ಬರಿ.”